ಮೊದಲು ಏನಿತ್ತು? ಸೃಷ್ಟಿಯ ನಂಬಿಕೆಗಳ ಕುರಿತು ಓದುಗರ ಪ್ರಶ್ನೆಗಳು

ಲೋಕವೂ ಮನುಷ್ಯನೂ ಹೇಗೆ ಉಂಟಾದರೆಂಬ ಬಗ್ಗೆ ಬೇರೆ ಬೇರೆ ಧರ್ಮಗಳು ಹೇಳುವುದನ್ನು ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ದೇವರು ಆರು ದಿನಗಳಲ್ಲಿ ಲೋಕವನ್ನು ಮಾಡಿದನೆಂದು ಅವಳ ಕ್ರೈಸ್ತ ಗೆಳತಿ ಹೇಳಿದಳಂತೆ. ಲೋಕವನ್ನು ಯಾರೂ ಮಾಡಲೇ ಇಲ್ಲವೆಂದು ಜೈನ ಗೆಳತಿ ಹೇಳಿದಳಂತೆ. "ಅಮ್ಮಾ, ನಮ್ಮಲ್ಲಿ ಹೇಗೆ?" ಎಂದು ಕೇಳಿದಾಗ, ವಿಷ್ಣುವಿನ ಹೊಕ್ಕುಳಿನಿಂದ ಎದ್ದ ತಾವರೆಯಲ್ಲಿ ಬ್ರಹ್ಮನು ಹುಟ್ಟಿ ಎಲ್ಲವನ್ನೂ ಸೃಷ್ಟಿಸಿದನೆಂದು ನಾನು ಹೇಳಿದೆ. ಅಲ್ಲೇ ಕುಳಿತಿದ್ದ ನಮ್ಮ ಮಾವನವರು, ಅದು ಪುರಾಣದ ಕಥೆ, ವೇದದಲ್ಲಿ ಹಾಗಿಲ್ಲ ಎಂದರು. ಹಾಗಾದರೆ ವೇದದಲ್ಲಿ ಹೇಗಿದೆ?
— ತುಮಕೂರಿನ ಓದುಗರು

ಉತ್ತರ: ವೇದದಲ್ಲಿ ಹಾಗಿಲ್ಲವೆಂಬ ನಿಮ್ಮ ಮಾವನವರ ಮಾತು ನಿಜ. ಆದರೆ ಹೀಗೇ ಇದೆ ಎಂದು ಒಂದು ಕಡೆ ಬೆರಳಿಟ್ಟು ತೋರಿಸುವುದೂ ಸುಲಭವಲ್ಲ. ಋಗ್ವೇದದ ಹತ್ತನೆಯ ಮಂಡಲವೊಂದರಲ್ಲೇ ಕನಿಷ್ಠ ಮೂರು ಬಗೆಯ ಉತ್ತರಗಳಿವೆ. 90ನೆಯ ಸೂಕ್ತವಾದ ಪುರುಷಸೂಕ್ತದಲ್ಲಿ ಸಾವಿರ ತಲೆಗಳ ಪುರುಷನೊಬ್ಬನನ್ನು ದೇವತೆಗಳು ಯಜ್ಞದಲ್ಲಿ ಅರ್ಪಿಸುತ್ತಾರೆ. ಅವನ ಮನಸ್ಸಿನಿಂದ ಚಂದ್ರ, ಕಣ್ಣಿನಿಂದ ಸೂರ್ಯ, ಉಸಿರಿನಿಂದ ಗಾಳಿ ಹುಟ್ಟುತ್ತವೆ. 121ನೆಯ ಸೂಕ್ತದಲ್ಲಿ ಮೊದಲಿಗೆ ಹಿರಣ್ಯಗರ್ಭನು ತೋರಿಕೊಂಡು, ಹುಟ್ಟಿದ ಎಲ್ಲಕ್ಕೂ ಒಡೆಯನಾಗುತ್ತಾನೆ. 129ನೆಯದಾದ ನಾಸದೀಯ ಸೂಕ್ತವಂತೂ ಏಳೇ ಮಂತ್ರಗಳಲ್ಲಿ, ಆಗ ಇರುವುದೂ ಇರಲಿಲ್ಲ ಇಲ್ಲದುದೂ ಇರಲಿಲ್ಲ, ಸಾವೂ ಇರಲಿಲ್ಲ ಸಾವಿಲ್ಲದಿರುವಿಕೆಯೂ ಇರಲಿಲ್ಲ ಎಂದು ಆರಂಭಿಸಿ, ದೇವತೆಗಳು ಕೂಡ ಸೃಷ್ಟಿಯಾದ ಮೇಲೆ ಬಂದವರೇ ಆದ್ದರಿಂದ ಇದನ್ನು ಬಲ್ಲವರು ಯಾರೆಂದು ಕೇಳಿ, ಪರಮವ್ಯೋಮದಲ್ಲಿದ್ದು ಇದನ್ನೆಲ್ಲ ನೋಡುವವನು ಬಲ್ಲನೋ ಏನೋ, ಅವನೂ ಅರಿಯನೋ ಏನೋ ಎಂಬಲ್ಲಿಗೆ ನಿಲ್ಲುತ್ತದೆ. ಉತ್ತರ ಕೊಡಬೇಕಾದ ಜಾಗದಲ್ಲಿ ಪ್ರಶ್ನೆಯನ್ನೇ ಬಿಟ್ಟು ಹೋದ ಈ ಸೂಕ್ತವನ್ನು ನಮ್ಮ ಹಿರಿಯರು ತೆಗೆದುಹಾಕದೆ, ಸ್ವರ ತಪ್ಪದಂತೆ ಬಾಯಿಪಾಠ ಮಾಡಿ ಉಳಿಸಿಕೊಂಡು ಬಂದರೆಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ.

ಉಪನಿಷತ್ತುಗಳಿಗೆ ಬಂದರೂ ಒಮ್ಮತವಿಲ್ಲ. ತೈತ್ತಿರೀಯದಲ್ಲಿ ಆತ್ಮದಿಂದ ಆಕಾಶ, ಆಕಾಶದಿಂದ ವಾಯು, ಅನಂತರ ಅಗ್ನಿ, ನೀರು, ಭೂಮಿ, ಸಸ್ಯ, ಅನ್ನ, ಕೊನೆಗೆ ಮನುಷ್ಯ ಎಂಬ ಕ್ರಮವಿದೆ. ಛಾಂದೋಗ್ಯದಲ್ಲಿ ಆಕಾಶ ವಾಯುಗಳ ಮಾತೇ ಇಲ್ಲದೆ ಸತ್ತಿನಿಂದ, ಅಂದರೆ ಇರುವುದರಿಂದ, ನೇರವಾಗಿ ತೇಜಸ್ಸು ಹೊರಡುತ್ತದೆ. ಮೊದಲು ಅಸತ್ತು ಇತ್ತು ಎಂದು ತೈತ್ತಿರೀಯವೇ ಇನ್ನೊಂದೆಡೆ ಹೇಳಿದರೆ, ಇಲ್ಲದುದರಿಂದ ಇರುವುದು ಹೇಗೆ ಹುಟ್ಟೀತು ಮಗನೇ ಎಂದು ಛಾಂದೋಗ್ಯದ ಉದ್ದಾಲಕನು ಶ್ವೇತಕೇತುವನ್ನು ಕೇಳುತ್ತಾನೆ. ಈ ವಿರೋಧ ನಮಗೆ ಇಂದು ಹೊಸದಾಗಿ ಕಂಡದ್ದಲ್ಲ. ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆಯುವಾಗ ಶಂಕರಾಚಾರ್ಯರು ಇದನ್ನು ನೇರವಾಗಿಯೇ ಎತ್ತಿಕೊಂಡು, ಸೃಷ್ಟಿಯ ವಿವರವನ್ನು ತಿಳಿಸುವುದು ಶ್ರುತಿಯ ಉದ್ದೇಶವೇ ಅಲ್ಲ, ಆದ್ದರಿಂದ ವಿವರಗಳು ಒಂದಕ್ಕೊಂದು ಹೊಂದದಿದ್ದರೆ ಬಾಧಕವಿಲ್ಲ ಎಂದುಬಿಡುತ್ತಾರೆ. ಮಣ್ಣು, ಲೋಹ, ಬೆಂಕಿಯ ಕಿಡಿ ಮುಂತಾದ ದೃಷ್ಟಾಂತಗಳಿಂದ ಹೇಳಿದ ಸೃಷ್ಟಿಯೆಲ್ಲ ಬುದ್ಧಿಯನ್ನು ವಿಷಯಕ್ಕೆ ಇಳಿಸುವ ಉಪಾಯ ಮಾತ್ರವೆಂದು ಅವರಿಗಿಂತ ಮುಂಚೆಯೇ ಗೌಡಪಾದರು ತಮ್ಮ ಕಾರಿಕೆಗಳಲ್ಲಿ ಹೇಳಿದ್ದರು. ಲೋಕವನ್ನು ಸತ್ಯವೆಂದೇ ಒಪ್ಪುವ ಮಧ್ವಾಚಾರ್ಯರ ಪರಂಪರೆಯವರು ಈ ಮಾತಿಗೆ ತಲೆದೂಗುವುದಿಲ್ಲವೆಂಬುದನ್ನೂ ಹೇಳಬೇಕು. ಅವರ ಮತದಲ್ಲಿ ಪ್ರಕೃತಿ ಅನಾದಿಯಾಗಿದ್ದು, ವಿಷ್ಣು ಅದಕ್ಕೆ ರೂಪು ಕೊಡುವ ನಿಮಿತ್ತಕಾರಣನಾಗಿದ್ದಾನೆ.

ನಾನು ಇಷ್ಟು ವರ್ಷ ಓದಿದ್ದರಿಂದ ಕಂಡುಕೊಂಡಿರುವುದು ಒಂದು. ಸೃಷ್ಟಿಯ ಕಥೆಯನ್ನು ಯಾವ ಸಮುದಾಯವೂ ಹೊತ್ತು ಕಳೆಯುವುದಕ್ಕಾಗಿ ಹೇಳುವುದಿಲ್ಲ. ಏನನ್ನಾದರೂ ಆರಂಭಿಸುವಾಗ, ಏನನ್ನಾದರೂ ತನ್ನದೆನ್ನುವಾಗ ಅಥವಾ ಯಾವುದಾದರೂ ನಡವಳಿಕೆಯನ್ನು ಸರಿಯೆಂದು ಸ್ಥಾಪಿಸಬೇಕಾದಾಗ ಹೇಳುತ್ತದೆ. ಆದ್ದರಿಂದ ಯಾವ ಕಥೆ ನಿಜ ಎಂದು ಮಗಳು ಕೇಳಿದಾಗ, ಅದನ್ನು ಯಾರು ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನೂ ಜೊತೆಗೆ ಹೇಳಿಕೊಡಿ. ಮುಂದಿನ ಉತ್ತರಗಳಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಬಹುದು.

ಪ್ರಶ್ನೆ: ಬೈಬಲ್ಲಿನ ಆರು ದಿನಗಳನ್ನು ಕ್ರೈಸ್ತರು ಅಕ್ಷರಶಃ ನಂಬುತ್ತಾರೆಯೇ? ಕುರಾನಿನಲ್ಲೂ ಅದೇ ಕಥೆ ಇದೆಯೆಂದು ಕೇಳಿದ್ದೇನೆ. ಎರಡಕ್ಕೂ ವ್ಯತ್ಯಾಸವೇನು?
— ಹಾಸನದ ಓದುಗರು

ಉತ್ತರ: ಅಕ್ಷರಶಃ ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ, ಎರಡು ಬಗೆಯ ಓದೂ ಹಳೆಯವೇ. ಬೆಳಕು ಹುಟ್ಟಿದ್ದು ಮೊದಲ ದಿನ, ಸೂರ್ಯ ಚಂದ್ರರು ಹುಟ್ಟಿದ್ದು ನಾಲ್ಕನೆಯ ದಿನ ಎಂದು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ಹೇಳುತ್ತದೆ. ಸೂರ್ಯನೇ ಇಲ್ಲದ ಮೊದಲ ಮೂರು ದಿನಗಳನ್ನು ದಿನಗಳೆಂದು ವಿವೇಕವುಳ್ಳ ಯಾರು ತಿಳಿದಾರು ಎಂದು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಕೇಳಿದ್ದನು. ಅವನ ನಂತರದ ಸಂತ ಆಗಸ್ಟೀನನು, ದೇವರು ಎಲ್ಲವನ್ನೂ ಒಂದೇ ಸಲಕ್ಕೆ ಸೃಷ್ಟಿಸಿದನೆಂದೂ, ಆರು ದಿನಗಳೆಂಬುದು ನಮ್ಮ ತಿಳಿವಳಿಕೆಗೆ ಒದಗಲೆಂದು ಮಾಡಿದ ಕ್ರಮವೆಂದೂ ವಿವರಿಸಿದನು. ಇದಕ್ಕೆ ಎದುರಾಗಿ, ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಕಳೆದು, ಸೃಷ್ಟಿಯು ಕ್ರಿ.ಪೂ. 4004ರ ಅಕ್ಟೋಬರಿನಲ್ಲಿ ಆಯಿತೆಂದು ಲೆಕ್ಕ ಕಟ್ಟಿದನು. ಆ ಇಸವಿ ಮುಂದೆ ಇಂಗ್ಲಿಷ್ ಬೈಬಲ್ಲುಗಳ ಪುಟದ ಅಂಚಿನಲ್ಲಿ ಅಚ್ಚಾಗುತ್ತ ಬಂದುದರಿಂದ, ಮೂಲದಲ್ಲೇ ಇರುವ ಮಾತೆಂದು ಅನೇಕರು ತಿಳಿದರು. ಪುಟದ ಅಂಚಿನ ಬರಹಕ್ಕೆ ಇಷ್ಟು ಬಲವಿರುತ್ತದೆ!

ಗಮನವಿಟ್ಟು ಓದಿದರೆ ಆದಿಕಾಂಡದಲ್ಲಿರುವ ಸೃಷ್ಟಿಕಥೆಗಳು ಎರಡು. ಮೊದಲನೆಯದರಲ್ಲಿ ಗಿಡಮರಗಳೂ ಪ್ರಾಣಿಗಳೂ ಆದ ಮೇಲೆ ಆರನೆಯ ದಿನ ಗಂಡೂ ಹೆಣ್ಣೂ ಒಟ್ಟಿಗೆ, ದೇವರ ಸ್ವರೂಪದಲ್ಲಿ ಉಂಟಾಗುತ್ತಾರೆ. ಎರಡನೆಯ ಅಧ್ಯಾಯದಲ್ಲಿ ನೆಲದ ಮಣ್ಣಿನಿಂದ ಮೊದಲು ಗಂಡಸು, ಬಳಿಕ ತೋಟ, ಬಳಿಕ ಪ್ರಾಣಿಗಳು, ಕೊನೆಗೆ ಅವನ ಪಕ್ಕೆಲುಬಿನಿಂದ ಹೆಂಗಸು. ಹೀಬ್ರೂ ಭಾಷೆಯಲ್ಲಿ ನೆಲಕ್ಕೆ 'ಅದಾಮಾ' ಎನ್ನುತ್ತಾರೆ, ಮನುಷ್ಯನಿಗೆ 'ಆದಾಮ್'. ಹೆಣ್ಣು ಗಂಡಿಗಿಂತ ಕೀಳೆಂದು ವಾದಿಸಬೇಕಾದವರು ಎರಡನೆಯ ಕಥೆಯನ್ನೂ, ಸಮಾನಳೆಂದು ವಾದಿಸಬೇಕಾದವರು ಮೊದಲನೆಯದನ್ನೂ ಹಿಡಿದುಕೊಂಡು ಬಂದಿದ್ದಾರೆ.

ಮೊದಲ ಅಧ್ಯಾಯದ ಬೆನ್ನಿಗೆ ಬಾಬಿಲೋನಿನ ಸೃಷ್ಟಿಕಾವ್ಯವನ್ನು ಇಟ್ಟು ಓದಬೇಕು. ನಿನೆವೆಯಲ್ಲಿ ಅಶೂರ್‌ಬನಿಪಾಲ್ ಎಂಬ ದೊರೆಯ ಗ್ರಂಥಭಂಡಾರದಿಂದ ಸಿಕ್ಕಿದ ಮಣ್ಣಿನ ಹಲಗೆಗಳಲ್ಲಿದ್ದ ಅದನ್ನು ಜಾರ್ಜ್ ಸ್ಮಿತ್ 1876ರಲ್ಲಿ ಲೋಕಕ್ಕೆ ಪರಿಚಯಿಸಿದನು. ಏಳು ಹಲಗೆಗಳ ಆ ಕಾವ್ಯದಲ್ಲಿ ಮರ್ದುಕ್ ದೇವನು ತಿಯಾಮತ್ ಎಂಬ ಆದಿಸಮುದ್ರದ ದೇವಿಯನ್ನು ಕೊಂದು, ಒಣಮೀನನ್ನು ಸೀಳುವಂತೆ ಎರಡಾಗಿ ಸೀಳಿ, ಒಂದು ಹೋಳನ್ನು ಆಕಾಶವಾಗಿಸುತ್ತಾನೆ. ಬಳಿಕ ಸೋತವರ ಪಕ್ಷದ ಕಿಂಗು ಎಂಬ ದೇವನ ರಕ್ತದಿಂದ ಮನುಷ್ಯರನ್ನು ಮಾಡಿಸುತ್ತಾನೆ, ಅದೂ ದೇವತೆಗಳ ದುಡಿಮೆಯನ್ನು ಅವರ ಹೆಗಲಿಗೆ ದಾಟಿಸುವುದಕ್ಕಾಗಿ. ಹೊಸವರ್ಷದ ಅಕೀತು ಹಬ್ಬದ ನಾಲ್ಕನೆಯ ದಿನ ಇದನ್ನು ಮರ್ದುಕನ ಮುಂದೆ ಪಠಿಸುತ್ತಿದ್ದರು. ಯೆರೂಸಲೇಮು ಬಿದ್ದು ಯೆಹೂದ್ಯರು ಕ್ರಿ.ಪೂ. ಆರನೆಯ ಶತಮಾನದಲ್ಲಿ ಸೆರೆಯಾಗಿ ಹೋದದ್ದು ಇದೇ ಬಾಬಿಲೋನಿಗೆ. ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪ ತಳೆದದ್ದು ಆ ಸೆರೆಯ ಕಾಲದಲ್ಲಿ ಅಥವಾ ಅದರ ಬಳಿಕ ಎಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಹಾಗೆ ನೋಡಿದಾಗ ಆ ಅಧ್ಯಾಯ ಗೆದ್ದವರ ಕಥೆಗೆ ಸೆರೆಯವರು ಕೊಟ್ಟ ಉತ್ತರದಂತೆ ಕೇಳಿಸುತ್ತದೆ. ಇಲ್ಲಿ ಕೊಲೆಯಿಲ್ಲ, ದೇವರು ಮಾತನಾಡುತ್ತಾನೆ, ಆಗುತ್ತದೆ. ಮನುಷ್ಯನು ದೇವತೆಗಳ ಜೀತಗಾರನಾಗಿ ಹುಟ್ಟುವುದಿಲ್ಲ. ಏಳನೆಯ ದಿನ ದೇವರು ವಿಶ್ರಮಿಸಿದನು, ಆದ್ದರಿಂದ ನೀನೂ ನಿನ್ನ ಆಳೂ ನಿನ್ನ ದನವೂ ಆ ದಿನ ಕೆಲಸ ಮಾಡಕೂಡದು ಎಂಬ ಸಬ್ಬತ್ತಿನ ಕಟ್ಟಳೆಗೆ ಆ ಕಥೆಯೇ ಆಧಾರವಾಯಿತು. ವಾರಕ್ಕೊಂದು ರಜೆಯೆಂಬುದು ಮನುಷ್ಯಕುಲಕ್ಕೆ ಸಿಕ್ಕ ದೊಡ್ಡ ವರಗಳಲ್ಲಿ ಒಂದು ಎಂದು ನಂಬಿರುವ ನಾನು ಈ ಕಥೆಗೆ ಋಣಿ.

ಇನ್ನು ಕುರಾನ್. ಅಲ್ಲಿಯೂ ಆರು ದಿನಗಳಿವೆ, ಆದರೆ ಯಾವ ದಿನ ಏನಾಯಿತೆಂಬ ಪಟ್ಟಿ ಆದಿಕಾಂಡದಂತೆ ಇಲ್ಲ. ನಿನ್ನ ಪ್ರಭುವಿನ ಬಳಿಯ ಒಂದು ದಿನವು ನಿಮ್ಮ ಎಣಿಕೆಯ ಸಾವಿರ ವರ್ಷಗಳಂತೆ ಎಂಬ ಮಾತೂ ಇದೆ. ದಣಿದು ವಿಶ್ರಮಿಸುವ ದೇವರ ಕಲ್ಪನೆಯನ್ನು ಕುರಾನ್ ಒಪ್ಪುವುದಿಲ್ಲ. 'ಆಗು' ಎಂದರೆ ಆಗುತ್ತದೆ. ಆದಮನನ್ನು ಜೇಡಿಮಣ್ಣಿನಿಂದ ಮಾಡಿದ್ದು ಇಲ್ಲಿಯೂ ಬರುತ್ತದೆ, ಆದರೆ ಪಕ್ಕೆಲುಬಿನ ಮಾತು ಕುರಾನಿನೊಳಗಿಲ್ಲ, ಪ್ರವಾದಿಯ ನುಡಿ ನಡೆಗಳ ಸಂಗ್ರಹಗಳಾದ ಹದೀಸುಗಳಲ್ಲಿದೆ. ನನಗೆ ಬಹಳ ಹಿಡಿಸುವ ಭಾಗವೆಂದರೆ, ಭೂಮಿಯಲ್ಲಿ ತನ್ನ ಪ್ರತಿನಿಧಿಯೊಬ್ಬನನ್ನು ನೇಮಿಸುತ್ತೇನೆಂದು ದೇವರು ಹೇಳಿದಾಗ, ಕೇಡು ಮಾಡಿ ರಕ್ತ ಹರಿಸುವವನನ್ನೇ ನೇಮಿಸುವೆಯಾ ಎಂದು ದೇವಚರರು ಕೇಳಿಬಿಡುವುದು. ಅದಕ್ಕೆ ಉತ್ತರವಾಗಿ ದೇವರು ಆದಮನಿಗೆ ಎಲ್ಲ ವಸ್ತುಗಳ ಹೆಸರುಗಳನ್ನು ಕಲಿಸುತ್ತಾನೆ. ದೇವಚರರಿಗೆ ಅವು ಗೊತ್ತಿರುವುದಿಲ್ಲ. ತಾನು ಬೆಂಕಿಯಿಂದ ಆದವನು, ಇವನು ಮಣ್ಣಿನಿಂದ ಆದವನು ಎಂದು ಹೇಳಿ ಬಾಗಲೊಲ್ಲದೆ ನಿಂತ ಇಬ್ಲೀಸನೊಬ್ಬನು ಭ್ರಷ್ಟನಾಗುತ್ತಾನೆ. ಹುಟ್ಟಿದ ಮೂಲದಿಂದ ತಾನು ಮೇಲೆಂದು ಹೇಳಿಕೊಂಡದ್ದೇ ಅಲ್ಲಿನ ಮೊದಲ ಪಾಪ.

ಪ್ರಶ್ನೆ: ಲೋಕಕ್ಕೆ ಕರ್ತೃವಿಲ್ಲವೆಂದು ಜೈನರು ಹೇಳುವುದಾದರೆ ಅವರು ಆದಿನಾಥನೆಂದು ಪೂಜಿಸುವವನು ಯಾರು? 'ಆದಿ' ಎಂದರೆ ಮೊದಲಿಗನಲ್ಲವೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಮೊದಲಿಗನೇ, ಆದರೆ ಲೋಕಕ್ಕಲ್ಲ, ನಾಗರಿಕತೆಗೆ. ಜೈನ ದರ್ಶನದಲ್ಲಿ ಜೀವ, ಪುದ್ಗಲ (ಜಡವಸ್ತು), ಧರ್ಮ (ಚಲನೆಗೆ ಆಸರೆ), ಅಧರ್ಮ (ನಿಲುಗಡೆಗೆ ಆಸರೆ), ಆಕಾಶ, ಕಾಲ ಎಂಬ ಆರು ದ್ರವ್ಯಗಳಿಂದಾದ ಲೋಕ ಅನಾದಿಯಾದದ್ದು. ಕಾಲವು ಏರುವ ಉತ್ಸರ್ಪಿಣಿ, ಇಳಿಯುವ ಅವಸರ್ಪಿಣಿ ಎಂದು ಚಕ್ರದಂತೆ ತಿರುಗುತ್ತಿರುತ್ತದೆ. ಈಗಿನ ಅವಸರ್ಪಿಣಿಯ ಆರಂಭದಲ್ಲಿ ಮನುಷ್ಯರು ದುಡಿಯಬೇಕಾಗಿರಲಿಲ್ಲ, ಬೇಕಾದುದನ್ನೆಲ್ಲ ಕಲ್ಪವೃಕ್ಷಗಳು ಕೊಡುತ್ತಿದ್ದವು. ಅವು ಕುಗ್ಗುತ್ತ ಬಂದು ಜನ ಹಸಿದು ಕಂಗಾಲಾದಾಗ ಅಸಿ (ಕತ್ತಿ), ಮಸಿ (ಬರಹ), ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದವನು ವೃಷಭನಾಥ, ಅಂದರೆ ಆದಿನಾಥ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿ ಇವನ ಮಗ. ಭೂಮಿ ಆಕಾಶಗಳನ್ನು ಮಾಡಿದವನನ್ನು ಬಿಟ್ಟು, ಉಳುವುದನ್ನೂ ಬರೆಯುವುದನ್ನೂ ಕಲಿಸಿದವನನ್ನು 'ಆದಿ' ಎಂದು ಕರೆದದ್ದರಲ್ಲಿ ಒಂದು ದೊಡ್ಡ ನಿಲುವೇ ಅಡಗಿದೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನನ್ನು ಒಪ್ಪುವವರಿಗೆ ಹಾಕಿದ ಪ್ರಶ್ನೆಗಳು ಇಂದಿಗೂ ಮೊನಚಾಗಿವೆ. ಲೋಕವನ್ನು ಮಾಡುವುದಕ್ಕೆ ಮುಂಚೆ ಅವನು ಎಲ್ಲಿ ನಿಂತಿದ್ದ? ಸಾಮಗ್ರಿಯನ್ನು ಎಲ್ಲಿಂದ ತಂದ? ಸಾಮಗ್ರಿಯನ್ನೂ ತಾನೇ ಮಾಡಿದನೆಂದರೆ ಅದನ್ನು ಯಾವುದರಿಂದ ಮಾಡಿದ? ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಬಯಕೆ ಯಾಕೆ ಹುಟ್ಟಿತು? ಅಪೂರ್ಣನಾಗಿದ್ದರೆ ಒಬ್ಬ ಕುಂಬಾರನಂತೆ ಅವನಿಗೂ ಇದು ಆಗದ ಕೆಲಸವಲ್ಲವೇ?

ಈ ಕಾರಣಕ್ಕೆ ಜೈನರನ್ನು ನಾಸ್ತಿಕರೆಂದು ಬದಿಗೆ ಸರಿಸುವವರು, ವೇದವನ್ನು ಪರಮಪ್ರಮಾಣವೆಂದು ಹಿಡಿದ ಮೀಮಾಂಸಕರೂ ಇದನ್ನೇ ಹೇಳಿದರೆಂಬುದನ್ನು ಮರೆಯುತ್ತಾರೆ. ಲೋಕಕ್ಕೆ ಒಂದು ಮೊದಲ ದಿನವಿತ್ತೆಂಬುದನ್ನು ಕುಮಾರಿಲ ಭಟ್ಟನು ಒಪ್ಪಲಿಲ್ಲ. ಲೋಕ ಈಗಿರುವಂತಲ್ಲದೆ ಎಂದೂ ಇರಲಿಲ್ಲವೆಂಬುದು ಅವನ ಪಕ್ಷ. ಕುಂಬಾರನಿಲ್ಲದೆ ಮಡಕೆಯಿಲ್ಲ, ಹಾಗೆಯೇ ಕರ್ತೃವಿಲ್ಲದೆ ಲೋಕವಿಲ್ಲ ಎಂದು ಈಶ್ವರನ ಪರವಾಗಿ ವಾದಿಸಿದವರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು. ನಮ್ಮ ಮಠಗಳ ಅಂಗಳದಲ್ಲಿ ಶತಮಾನಗಳ ಕಾಲ ನಡೆದ ಈ ಜಗಳವನ್ನು ಪಶ್ಚಿಮದಿಂದ ಬಂದ ವಿಚಾರವಾದವೆಂದು ತಿಳಿಯುವುದು ನಮ್ಮದನ್ನು ನಾವೇ ಓದದಿರುವುದರ ಫಲ.

ಪ್ರಶ್ನೆ: ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮೊದಲು ಆದಿಶಕ್ತಿಯೊಬ್ಬಳೇ ಇದ್ದಳು. ಬ್ರಹ್ಮ, ವಿಷ್ಣು, ಈಶ್ವರರನ್ನು ಹೆತ್ತು, ತನ್ನನ್ನು ಮದುವೆಯಾಗಿ ಎಂದು ಅವರನ್ನೇ ಕೇಳಿದಳು. ಕೊನೆಯವನಾದ ಈಶ್ವರ ಉಪಾಯದಿಂದ ಅವಳ ಹಣೆಗಣ್ಣನ್ನು ಪಡೆದು ಅವಳನ್ನೇ ಸುಟ್ಟ. ಇಂಥ ಕಥೆಯನ್ನು ಮಕ್ಕಳಿಗೆ ಹೇಳಲು ಮುಜುಗರವಾಗುತ್ತದೆ. ಹಿರಿಯರು ಯಾಕೆ ಹೀಗೆ ಕಟ್ಟಿದರು?
— ಕೊಳ್ಳೇಗಾಲದ ಓದುಗರು

ಉತ್ತರ: ನಿಮ್ಮ ಅಜ್ಜಿಯ ಕಥೆ ಕನ್ನಡ ಮತ್ತು ತೆಲುಗು ಸೀಮೆಗಳಲ್ಲಿ ಹಲವು ರೂಪಗಳಲ್ಲಿ ಹರಿದಾಡುವ ಕಥೆ. ಮುಜುಗರ ಪಡಬೇಡಿ, ಮೊದಲಿಗೆ ಒಬ್ಬರೇ ಇದ್ದರೆಂದು ಹೇಳಹೊರಟ ಎಲ್ಲ ಕಥೆಗಳೂ ಇದೇ ಗಂಟಿನಲ್ಲಿ ಸಿಕ್ಕಿಬೀಳುತ್ತವೆ. ಇರುವುದು ಒಂದೇ ಮನೆಯಾದರೆ ಹೆಣ್ಣು ತರುವುದು ಎಲ್ಲಿಂದ? ಬೃಹದಾರಣ್ಯಕದಲ್ಲಿ ಒಂಟಿಯಾಗಿದ್ದ ಆತ್ಮನು ಮೊದಲು ಹೆದರಿ, ಹೆದರಲು ಬೇರೆ ಯಾರೂ ಇಲ್ಲವಲ್ಲ ಎಂದು ಸಮಾಧಾನಗೊಂಡು, ಆದರೂ ಒಬ್ಬನಿಗೇ ಸುಖವಿಲ್ಲದೆ ತನ್ನನ್ನು ಗಂಡು ಹೆಣ್ಣಾಗಿ ಸೀಳಿಕೊಳ್ಳುತ್ತಾನೆ. ತನ್ನಿಂದಲೇ ಹುಟ್ಟಿಸಿ ತನ್ನನ್ನೇ ಕೂಡುವನಲ್ಲ ಎಂದು ನಾಚಿದ ಹೆಣ್ಣು ಹಸುವಾಗಿ ಅಡಗುತ್ತಾಳೆ, ಅವನು ಎತ್ತಾಗುತ್ತಾನೆ. ಅವಳು ಕುದುರೆ, ಆಡು, ಕುರಿಯಾಗುತ್ತ ಹೋದಂತೆ ಅವನೂ ಹಿಂಬಾಲಿಸಿ, ಇರುವೆಯವರೆಗಿನ ಜೀವರಾಶಿ ಹುಟ್ಟುತ್ತದೆ. ಐತರೇಯ ಬ್ರಾಹ್ಮಣದಲ್ಲಿ ಮಗಳನ್ನು ಬಯಸಿದ ಪ್ರಜಾಪತಿಗೆ ಬಾಣ ತಗಲುತ್ತದೆ. ಜೈನ ಪುರಾಣಗಳ ಭೋಗಭೂಮಿಯಲ್ಲಿ ಅವಳಿಯಾಗಿ ಹುಟ್ಟಿದ ಗಂಡು ಹೆಣ್ಣು ದಂಪತಿಗಳಾಗಿ ಬಾಳುತ್ತಾರೆ. ಆದಾಮ ಹವ್ವರ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳೆಂಬ ಪ್ರಶ್ನೆಯನ್ನು ಚರ್ಚಿನ ಮಕ್ಕಳು ಇಂದಿಗೂ ಕೇಳುತ್ತಾರೆ. ನಿಮ್ಮ ಅಜ್ಜಿ ಆ ಗಂಟನ್ನು ಸೆರಗಿನಲ್ಲಿ ಮುಚ್ಚದೆ ಬಿಚ್ಚಿಟ್ಟರು, ಅಷ್ಟೇ. ಆ ಕಥೆಯಲ್ಲಿ ಸೃಷ್ಟಿ ಮುಗಿದು ಕಟ್ಟಳೆ ಆರಂಭವಾಗುವ ಗಳಿಗೆಯೆಂದರೆ, ತಾಯಿಯೊಡನೆ ಮದುವೆ ಸಲ್ಲದು ಎಂದು ಮಕ್ಕಳು ಹೇಳುವ ಗಳಿಗೆ. ಹೆತ್ತವಳ ಶಕ್ತಿಯನ್ನು ಕಸಿದುಕೊಂಡು ಗಂಡುದೇವರು ದೊಡ್ಡವನಾದನೆಂಬ ಒಳಮಾತೂ ಅಲ್ಲಿದೆ. ಅದನ್ನು ಅಜ್ಜಿಯರು ತಿಳಿದೇ ಹೇಳುತ್ತಿದ್ದರೆಂದು ನನ್ನ ಅನುಮಾನ.

ಪ್ರಶ್ನೆ: ತುಳುನಾಡು ಪರಶುರಾಮ ಸೃಷ್ಟಿ, ಅಂದರೆ ಪರಶುರಾಮನು ಕೊಡಲಿ ಎಸೆದು ಸಮುದ್ರದಿಂದ ಪಡೆದ ನೆಲ ಎನ್ನುತ್ತಾರೆ. ಇದರಲ್ಲಿ ಭೂವಿಜ್ಞಾನದ ಸತ್ಯವೇನಾದರೂ ಇದೆಯೇ?
— ಮಂಗಳೂರಿನ ಓದುಗರು

ಉತ್ತರ: ಸಮುದ್ರದ ಮಟ್ಟ ಏರಿಳಿದದ್ದು ನಿಜ, ಆದರೆ ಇಡೀ ಕರಾವಳಿ ಕಡಲಿನಿಂದ ಒಮ್ಮೆಗೇ ಎದ್ದುಬಂದದ್ದಲ್ಲ. ನಿಮ್ಮೂರಿನ ಮನೆಗಳ ಗೋಡೆಯಲ್ಲಿರುವ ಕೆಂಪು ಮುರಕಲ್ಲು, ಹಳೆಯ ಬಂಡೆಗಳು ಧಾರಾಕಾರ ಮಳೆಗೂ ಬಿಸಿಲಿಗೂ ಇದ್ದಲ್ಲಿಯೇ ಶಿಥಿಲವಾಗಿ ಆದದ್ದು. ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ಪರಶುರಾಮನ ಕಥೆಯನ್ನು ತುಳುನಾಡಿನ 32 ಗ್ರಾಮಗಳಲ್ಲಿ ಬ್ರಾಹ್ಮಣರು ನೆಲೆಸಿದ ವೃತ್ತಾಂತದ ಜೊತೆಗೆ ಓದಿದರೆ ಅದರ ಕೆಲಸ ಗೊತ್ತಾಗುತ್ತದೆ. ನೆಲವೇ ಹೊಸದೆಂದ ಮೇಲೆ ಅಲ್ಲಿ ಮೊದಲೇ ಇದ್ದವರ ಹಕ್ಕಿನ ಮಾತು ಏಳುವುದಿಲ್ಲ.

ಪ್ರಶ್ನೆ: ಪುರುಷಸೂಕ್ತದಲ್ಲಿ ಬಾಯಿ, ತೋಳು, ತೊಡೆ, ಪಾದಗಳಿಂದ ನಾಲ್ಕು ವರ್ಣಗಳು ಹುಟ್ಟಿದವೆಂದಿದೆ. ಅದು ಸಮಾಜವನ್ನು ಒಂದು ದೇಹವಾಗಿ ಕಾಣುವ ರೂಪಕ ಮಾತ್ರ, ಮೇಲು ಕೀಳಿನ ಮಾತಲ್ಲ ಎಂದು ಒಂದು ಪ್ರವಚನದಲ್ಲಿ ಕೇಳಿದೆ. ನಿಮ್ಮ ಅಭಿಪ್ರಾಯವೇನು?
— ಬೆಂಗಳೂರಿನ ಓದುಗರು

ಉತ್ತರ: ರೂಪಕವೆಂಬುದನ್ನು ಒಪ್ಪೋಣ. ಆದರೆ ರೂಪಕಗಳು ಗಾಳಿಯಲ್ಲಿ ತೇಲುವುದಿಲ್ಲ. ಮನುಸ್ಮೃತಿಯ ಮೊದಲ ಅಧ್ಯಾಯವು ಸೃಷ್ಟಿಯನ್ನು ವರ್ಣಿಸುತ್ತ ಇದೇ ನಾಲ್ಕು ಅಂಗಗಳನ್ನು ಹೇಳಿ, ಆ ಆಧಾರದ ಮೇಲೆಯೇ ಯಾರು ಯಾವ ಕೆಲಸ ಮಾಡಬೇಕೆಂದು ಹಂಚಿ, ಶೂದ್ರನಿಗೆ ಉಳಿದ ಮೂವರ ಸೇವೆಯೊಂದನ್ನೇ ಬಿಡುತ್ತದೆ. ದೇಹದಲ್ಲಿ ಹೊಕ್ಕುಳಿನಿಂದ ಮೇಲಿನದು ಹೆಚ್ಚು ಶುದ್ಧ, ಅದರಲ್ಲೂ ಬಾಯಿ ಎಲ್ಲಕ್ಕಿಂತ ಶುದ್ಧ ಎಂದು ಅದೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಕೇಳಿದವರು ಮೇಲು ಕೀಳನ್ನು ತಾವಾಗಿ ಕಲ್ಪಿಸಿಕೊಂಡರು ಎನ್ನುವುದಕ್ಕೆ ಹೀಗಾಗಿ ಆಸ್ಪದವಿಲ್ಲ. ಈ ಸೂಕ್ತವನ್ನು ಇಂದಿಗೂ ಭಕ್ತಿಯಿಂದ ಅಭಿಷೇಕದಲ್ಲಿ ಹೇಳುವ ಅನೇಕರ ಮನಸ್ಸಿನಲ್ಲಿ ಯಾರನ್ನೂ ಕೀಳು ಮಾಡುವ ಉದ್ದೇಶವಿಲ್ಲವೆಂಬುದೂ ನಿಜವೇ. ಆದರೆ ಒಂದು ಕಥೆ ಮಾಡಿದ ಕೆಲಸವನ್ನು ಹೇಳುವವರ ಒಳ್ಳೆಯ ಮನಸ್ಸಿನಿಂದ ಅಳೆಯಲಾಗದು.

ಈ ಹುಟ್ಟಿನ ಕಥೆಗೆ ಕನ್ನಡದಲ್ಲಿ ಬಂದ ಉತ್ತರಗಳು ನಮ್ಮ ಹೆಮ್ಮೆ. ಕ್ರಿ.ಶ. 941ರ ಆದಿಪುರಾಣದಲ್ಲಿ ಪಂಪನು ಆಡಿದ "ಮನುಷ್ಯಜಾತಿ ತಾನೊಂದೆ ವಲಂ" ಎಂಬ ಮಾತು ಸಭೆ ಸಮಾರಂಭಗಳಲ್ಲಿ ಎಷ್ಟು ಸವೆದಿದೆಯೆಂದರೆ, ಅದು ಸೃಷ್ಟಿಕರ್ತನಿಲ್ಲದ ಲೋಕವೊಂದರ ಪುರಾಣದೊಳಗಿನಿಂದ ಬಂದದ್ದೆಂಬುದನ್ನು ಮರೆತಿದ್ದೇವೆ. ಪಂಪನಿಗೆ ಮೂಲವಾದ ಜಿನಸೇನರ ಶ್ಲೋಕವೂ, ಮನುಷ್ಯಜಾತಿ ಒಂದೇ, ವೃತ್ತಿಯ ಭೇದದಿಂದ ನಾಲ್ಕಾಯಿತು ಎನ್ನುತ್ತದೆ. ಯಾವ ದೇಹದಿಂದಲೂ ಯಾರೂ ಉದುರದ ಲೋಕದಲ್ಲಿ ವರ್ಣಕ್ಕೆ ಹುಟ್ಟಿನ ಆಧಾರ ಸಿಗುವುದಿಲ್ಲ. ಎರಡು ಶತಮಾನಗಳ ಬಳಿಕ ಬಸವಣ್ಣನವರು ಇನ್ನೂ ನೇರವಾಗಿ, ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ, ಹಾಸನಿಕ್ಕಿ ಸಾಲಿಗನಾದ, ವೇದವನೋದಿ ಹಾರುವನಾದ ಎಂದು ಹೇಳಿ, "ಕರ್ಣದಲ್ಲಿ ಜನಿಸಿದವರುಂಟೆ ಜಗದೊಳಗೆ?" ಎಂದು ಕೇಳಿದರು. ಬಾಯಿಂದ ಹುಟ್ಟಿದವರಿದ್ದರೆ ಕಿವಿಯಿಂದಲೂ ಹುಟ್ಟಿದವರಿರಬೇಕಲ್ಲ ಎಂಬ ಈ ಹಾಸ್ಯದ ಹಿಂದೆ, ಎಲ್ಲರೂ ಬಂದದ್ದು ತಾಯಿಯ ಹೊಟ್ಟೆಯಿಂದಲೇ ಎಂಬ, ಯಾವ ಪುರಾಣವೂ ಅಲ್ಲಗಳೆಯಲಾಗದ ಸಾಕ್ಷಿಯಿದೆ.

ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆಯವರು 1873ರ 'ಗುಲಾಮಗಿರಿ'ಯಲ್ಲಿ ಬ್ರಹ್ಮನ ಮುಖದ ಪ್ರಸವವನ್ನು ಸಂವಾದದ ರೂಪದಲ್ಲಿ ಗೇಲಿಗೆ ಒಡ್ಡಿದರು. ಬಾಬಾಸಾಹೇಬ ಅಂಬೇಡ್ಕರರು 1946ರಲ್ಲಿ ಶೂದ್ರರ ಮೂಲವನ್ನು ಕುರಿತು ಬರೆದ ಗ್ರಂಥದಲ್ಲಿ ಪುರುಷಸೂಕ್ತವನ್ನು ಆರಂಭದಲ್ಲಿಯೇ ಕೈಗೆತ್ತಿಕೊಂಡು, ಮನುವಿನಿಂದ ಎಲ್ಲ ಮನುಷ್ಯರೂ ಹುಟ್ಟಿದರೆಂಬ ಬೇರೆ ಹೇಳಿಕೆಗಳೂ ವೇದದಲ್ಲಿರುವಾಗ ವರ್ಣಗಳಿಗೆ ಬೇರೆ ಬೇರೆ ಮೂಲವನ್ನು ಕೊಡುವ ಇದೊಂದೇ ಯಾಕೆ ಸಮಾಜದ ಶಾಸನವಾಯಿತೆಂದು ವಿಚಾರಿಸಿದರು. ಬೇರೆ ನಾಡಿನ ಒಂದು ಮಾತನ್ನೂ ಇದರ ಪಕ್ಕದಲ್ಲಿಡುತ್ತೇನೆ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿಸಿದ, ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಶ್ನಾದಲ್ಲಿ, ದೇವರು ಮೊದಲಿಗೆ ಒಬ್ಬನೇ ಮನುಷ್ಯನನ್ನು ಯಾಕೆ ಮಾಡಿದನೆಂಬ ಪ್ರಶ್ನೆ ಬರುತ್ತದೆ. ನಮ್ಮಪ್ಪ ನಿಮ್ಮಪ್ಪನಿಗಿಂತ ದೊಡ್ಡವನೆಂದು ಯಾರೂ ಯಾರಿಗೂ ಹೇಳದಿರಲೆಂದು, ಎಂಬುದು ಅಲ್ಲಿ ಕೊಡುವ ಕಾರಣಗಳಲ್ಲೊಂದು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ ವರ್ಷ. ಇಷ್ಟು ಹತ್ತಿರದ ಸಂಖ್ಯೆ ನಮ್ಮ ಋಷಿಗಳಿಗೆ ಗೊತ್ತಿತ್ತೆಂದು ಮಗನಿಗೆ ಹೇಳಿದಾಗ ಅವನು ನಕ್ಕ. ನಗಬೇಕಾದ ಮಾತೇ ಇದು?
— ಅಮೆರಿಕದ ಓದುಗರು

ಉತ್ತರ: ನಗಬೇಕಾದದ್ದಲ್ಲ, ಆದರೆ ಲೆಕ್ಕ ನಿಲ್ಲುವುದಿಲ್ಲ. ಕಲಿಯುಗ 4,32,000 ವರ್ಷ. ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ಒಟ್ಟು 43,20,000 ವರ್ಷಗಳ ಒಂದು ಮಹಾಯುಗ. ಅಂಥ ಸಾವಿರ ಸೇರಿ ಒಂದು ಕಲ್ಪ, ಅಂದರೆ ಬ್ರಹ್ಮನ ಒಂದು ಹಗಲು. ಇದು ಗುಣಿಸಿ ಕಟ್ಟಿದ ಸಂಖ್ಯೆ, ಬಂಡೆಯಿಂದ ಅಳೆದದ್ದಲ್ಲ. ಅದಲ್ಲದೆ ನಮ್ಮ ಪಂಚಾಂಗದ ಲೆಕ್ಕದಲ್ಲೇ ಈಗಿನ ಕಲ್ಪ ಮುಗಿದಿಲ್ಲ. ಏಳನೆಯ ಮನ್ವಂತರದ 28ನೆಯ ಮಹಾಯುಗ ನಡೆಯುತ್ತಿದ್ದು, ಕಳೆದಿರುವುದು ಸುಮಾರು 197 ಕೋಟಿ ವರ್ಷ. ಹೋಲಿಸಬೇಕಾದರೆ ಆ 197ನ್ನು 454ರೊಡನೆ ಹೋಲಿಸಬೇಕು. ಬೆಂಗಳೂರಿಗೆ ಬಂದಾಗ ಮಗನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೇ ಸುಮಾರು 300 ಕೋಟಿ ವರ್ಷ. ಇನ್ನೊಂದು ವಿಚಿತ್ರವನ್ನೂ ಹೇಳಿ: ಬಾಬಿಲೋನಿನ ಬೆರೋಸಸ್ ಎಂಬ ಪೂಜಾರಿ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಬರೆದಂತೆ, ಮಹಾಪ್ರಳಯಕ್ಕೆ ಮುಂಚಿನ ಹತ್ತು ರಾಜರು ಆಳಿದ ಅವಧಿಯೂ 4,32,000 ವರ್ಷವೇ. ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದವರಿಗೆ ಅದು ಚೊಕ್ಕ ಸಂಖ್ಯೆ.

ಹಾಗೆಂದು ಆ ಸಂಖ್ಯೆಗಳು ವ್ಯರ್ಥವಲ್ಲ. ಮನೆಯಲ್ಲಿ ಪೂಜೆಗೆ ಕುಳಿತಾಗ ಸಂಕಲ್ಪದಲ್ಲಿ ಬ್ರಹ್ಮನ ದ್ವಿತೀಯ ಪರಾರ್ಧದಿಂದ ಆರಂಭಿಸಿ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ ಎಂದು ಇಳಿಯುತ್ತ ಇಂದಿನ ತಿಥಿ, ವಾರ, ನಕ್ಷತ್ರಕ್ಕೆ ಬಂದು ಮುಟ್ಟುತ್ತೇವೆ. ನ್ಯೂಜೆರ್ಸಿಯ ಅಡುಗೆಮನೆಯ ಮೂಲೆಯಲ್ಲಿ ಹಚ್ಚುವ ದೀಪಕ್ಕೆ ಇಷ್ಟು ದೊಡ್ಡ ಕಾಲದಲ್ಲಿ ಒಂದು ವಿಳಾಸ ಕೊಡುವುದು ಅದರ ಕೆಲಸ.

ಈ ಹೋಲಿಕೆಯ ಆಸೆ ನಮಗೊಬ್ಬರಿಗೇ ಇಲ್ಲ. ವಿಶ್ವವು ಒಂದು ಆದಿಪರಮಾಣುವಿನಿಂದ ಹಿಗ್ಗಿತೆಂಬ ವಿಚಾರವನ್ನು 1931ರಲ್ಲಿ ಮುಂದಿಟ್ಟವನು ಜಾರ್ಜ್ ಲೆಮೈತ್ರ್, ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಆ ವಿಜ್ಞಾನದಲ್ಲಿ 'ಬೆಳಕಾಗಲಿ' ಎಂಬ ದೇವರ ಮಾತಿಗೆ ಸಾಕ್ಷಿಯನ್ನು ಕಂಡು ಸಂತೋಷಪಟ್ಟಾಗ, ಅದರಿಂದ ಇರುಸುಮುರುಸಾದದ್ದು ಆ ಪಾದ್ರಿಗೇ. ತನ್ನ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಪೂರ್ತಿಯಾಗಿ ಹೊರಗಿರುವುದೆಂದು ಅವನು ಹೇಳುತ್ತಿದ್ದನು. ವಿಜ್ಞಾನದ ಸಂಖ್ಯೆ ನಾಳೆ ತಿದ್ದಲ್ಪಡಬಹುದು. ಆಗ ಅದಕ್ಕೆ ಕಟ್ಟಿದ ನಂಬಿಕೆಯನ್ನು ಏನು ಮಾಡುವುದು?

ಪ್ರಶ್ನೆ: ಎಲ್ಲವನ್ನೂ ದೇವರು ಸೃಷ್ಟಿಸಿದರೆ ದೇವರನ್ನು ಸೃಷ್ಟಿಸಿದವರು ಯಾರು? ತರಗತಿಯಲ್ಲಿ ಕೇಳಿದ್ದಕ್ಕೆ ಅಧಿಕಪ್ರಸಂಗ ಎಂದು ಬೈಸಿಕೊಂಡೆ.
— ಶಿರಸಿಯ ಎಂಟನೆಯ ತರಗತಿಯ ವಿದ್ಯಾರ್ಥಿನಿ

ಉತ್ತರ: ಬೈಸಿಕೊಂಡವರಲ್ಲಿ ನೀನು ಮೊದಲಿಗಳಲ್ಲ, ಮಗು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕರಾಜನ ಸಭೆಯಲ್ಲಿ ಗಾರ್ಗಿ ಎಂಬ ವಿದುಷಿ ಯಾಜ್ಞವಲ್ಕ್ಯನನ್ನು ಇದೇ ದಾರಿಯಲ್ಲಿ ಕೇಳುತ್ತ ಹೋಗುತ್ತಾಳೆ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದ್ದರೆ ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಒಂದೊಂದೇ ಲೋಕವನ್ನು ದಾಟಿ ಬ್ರಹ್ಮಲೋಕದವರೆಗೆ ಬಂದು, ಅದು ಯಾವುದರಲ್ಲಿ ಎಂದು ಕೇಳಿದಾಗ ಯಾಜ್ಞವಲ್ಕ್ಯನು, ಮಿತಿಮೀರಿ ಕೇಳಬೇಡ ಗಾರ್ಗಿ, ನಿನ್ನ ತಲೆ ಉರುಳೀತು ಎಂದು ಗದರಿಸುತ್ತಾನೆ. ಗಾರ್ಗಿ ಸುಮ್ಮನಾಗುತ್ತಾಳೆ. ಆದರೆ ಇನ್ನೊಬ್ಬರ ಸರದಿ ಮುಗಿದ ಮೇಲೆ ಅದೇ ಸಭೆಯಲ್ಲಿ ಮತ್ತೆ ಎದ್ದು ನಿಂತು, ಹಿರಿಯರ ಅಪ್ಪಣೆ ಪಡೆದು, ಅವನಿಗೆ ಇನ್ನೆರಡು ಪ್ರಶ್ನೆಗಳನ್ನು ಕೇಳುತ್ತಾಳೆ.